ಯಂತ್ರ ಮೊದಲೋ, ಉಪಾಧ್ಯಾಯರು ಮೊದಲೋ?

ತರಗತಿಗಳಲ್ಲಿ ಕಂಪ್ಯೂಟರುಗಳನ್ನಿರಿಸಿದ ಮಾತ್ರಕ್ಕೆ ಮಕ್ಕಳ ವಿದ್ಯೆಯು ತಾನಾಗಿ ಬೆಳೆಯುವುದೆಂಬ ನಂಬಿಕೆಯು ನಮ್ಮ ದೇಶದಲ್ಲಿ ದಿನೇ ದಿನೇ ಬಲಗೊಳ್ಳುತ್ತಲಿದೆ. ಹೊಸತನ್ನು ನಾವು ದ್ವೇಷಿಸುವವರಲ್ಲ. ಆದರೆ ಪ್ರಜೆಗಳ ಹಣವು ವೆಚ್ಚವಾಗುವಲ್ಲಿ ಫಲವೇನೆಂದು ಕೇಳುವುದು ಪ್ರಜೆಗಳ ಹಕ್ಕು. ಮಕ್ಕಳ ಕಾಲವೇ ವೆಚ್ಚವಾಗುವಲ್ಲಿ ಹಾಗೆ ಕೇಳುವುದು ಹಿರಿಯರ ಕರ್ತವ್ಯ.

ಅನ್ಯದೇಶಗಳ ಅನುಭವವನ್ನು ಮೊದಲು ನೋಡುವ. ದಕ್ಷಿಣ ಅಮೇರಿಕೆಯ ಪೆರು ದೇಶದ ಸರಕಾರವು ಮಗುವಿಗೊಂದು ಕಂಪ್ಯೂಟರೆಂಬ ಯೋಜನೆಯನ್ನು ಕೈಗೊಂಡು ಎಂಟು ಲಕ್ಷಕ್ಕೂ ಮಿಕ್ಕಿ ಯಂತ್ರಗಳನ್ನು ಹಂಚಿತು. 319 ಗ್ರಾಮಾಂತರ ಶಾಲೆಗಳಲ್ಲಿ ನಡೆದ ಪರಿಶೀಲನೆಯ ವರದಿಯು 2012ರಲ್ಲಿ ಹೊರಬಿದ್ದಿತು. ಯಂತ್ರ ದೊರೆತು ಸುಮಾರು ಹದಿನೈದು ತಿಂಗಳುಗಳಾದರೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಆ ಮಕ್ಕಳು ಇತರರಿಗಿಂತ ಮುಂದುವರಿದಿರಲಿಲ್ಲ. ಸಾಮಾನ್ಯ ಬುದ್ಧಿಪರೀಕ್ಷೆಯಲ್ಲಿ ಮಾತ್ರ ಅಲ್ಪಸ್ವಲ್ಪ ಏಳಿಗೆಯು ತೋರಿತು. ಯಂತ್ರವು ಬಂದಿತೇ ಹೊರತು ಪಾಠ ಹೇಳುವ ಕ್ರಮವು ಬದಲಾಗಿರಲಿಲ್ಲ.

ಬಡ ದೇಶದ ಮಾತು ಇದೆಂದು ಯಾರಾದರೂ ಹೇಳಬಹುದು. ಧನಿಕ ರಾಷ್ಟ್ರಗಳ ಆರ್ಥಿಕ ಸಹಕಾರ ಸಂಘವು 2015ರಲ್ಲಿ ಪ್ರಕಟಿಸಿದ ವರದಿಯೂ ಬೇರೆ ಮಾತನ್ನು ಹೇಳುವುದಿಲ್ಲ. ಶಾಲೆಯಲ್ಲಿ ಕಂಪ್ಯೂಟರನ್ನು ಮಿತವಾಗಿ ಬಳಸುವ ಮಕ್ಕಳು, ಅಪರೂಪಕ್ಕೆ ಬಳಸುವವರಿಗಿಂತ ತುಸು ಮೇಲು; ಅತಿಯಾಗಿ ಬಳಸುವವರಾದರೋ ಬಹಳ ಹಿಂದೆ. ಸ್ವೀಡನ್ ದೇಶವು 2023ರಲ್ಲಿ ಅಚ್ಚಿನ ಪುಸ್ತಕಗಳತ್ತಲೂ ಕೈಬರಹದತ್ತಲೂ ಮರಳಿ ಮುಖಮಾಡಿ, ಆ ಒಂದೇ ವರ್ಷ ಪಠ್ಯಪುಸ್ತಕಗಳಿಗೆಂದು 685 ದಶಲಕ್ಷ ಕ್ರೋನರುಗಳನ್ನು ತೆಗೆದಿರಿಸಿತು.

ಹಾಗಾದರೆ ಯಂತ್ರವು ಸರ್ವಥಾ ನಿಷ್ಪ್ರಯೋಜಕವೆ? ಅಲ್ಲ. 2015ರಲ್ಲಿ ದಿಲ್ಲಿಯ ಕೆಲವು ಕೇಂದ್ರಗಳಲ್ಲಿ ಶಾಲೆಯ ಹೊತ್ತಿನ ಹೊರಗೆ ಮಕ್ಕಳಿಗೆ ಕಂಪ್ಯೂಟರಿನ ಮೂಲಕ ಪಾಠವಾಯಿತು. ಮಗುವು ಯಾವ ತರಗತಿಯಲ್ಲಿ ಕುಳಿತಿದೆಯೆಂಬುದನ್ನು ಬಿಟ್ಟು, ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆಂಬುದನ್ನು ಅಳೆದು, ಅಲ್ಲಿಂದಲೇ ಪಾಠವು ಆರಂಭವಾಗುತ್ತಿತ್ತು. ದಿನವೂ ಮುಕ್ಕಾಲು ಗಂಟೆ ಯಂತ್ರ, ಮುಕ್ಕಾಲು ಗಂಟೆ ಸಣ್ಣ ಗುಂಪಿನಲ್ಲಿ ಬೋಧಕರ ಪಾಠ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲಿಯೂ ಮಕ್ಕಳು ಗಮನಾರ್ಹವಾಗಿ ಮುಂದುವರಿದರು. ಇಲ್ಲಿ ಯಂತ್ರಕ್ಕೆ ಒಂದು ಗೊತ್ತಾದ ಕೆಲಸವಿತ್ತು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯನಿದ್ದನು. ಪೆರುವಿಗೂ ದಿಲ್ಲಿಗೂ ಇರುವ ಅಂತರವು ಇದೇ.

ಈಗ ನಮ್ಮ ಸ್ಥಿತಿಯನ್ನು ನೋಡುವ. 2024-25ನೆಯ ಸಾಲಿನ ಕೇಂದ್ರ ಸರಕಾರದ ಲೆಕ್ಕದಂತೆ, ಒಬ್ಬರೇ ಉಪಾಧ್ಯಾಯರಿರುವ ಶಾಲೆಗಳು ಭಾರತದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿವೆ. ಆ ಒಬ್ಬರೇ ಹಲವು ತರಗತಿಗಳನ್ನು ನಡೆಸಬೇಕು, ಹಾಜರಿ ಬರೆಯಬೇಕು, ಬಿಸಿಯೂಟವನ್ನೂ ನೋಡಿಕೊಳ್ಳಬೇಕು. ಅಂಥಲ್ಲಿ ಯಂತ್ರವನ್ನು ತಂದಿಳಿಸಿ ವಿದ್ಯೆಯು ಸುಧಾರಿಸಿತೆನ್ನುವುದು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದಂತೆ.

ಉಳ್ಳವರ ಮಗುವಿಗೆ ಮನೆಯಲ್ಲಿ ತಿದ್ದುವವರಿದ್ದಾರೆ, ಪುಸ್ತಕವಿದೆ. ಯಂತ್ರವು ವ್ಯರ್ಥವಾದರೂ ಅದಕ್ಕೆ ನಷ್ಟವು ಸ್ವಲ್ಪ. ಕೂಲಿಕಾರನ ಮಗುವಿಗೆ ಶಾಲೆಯ ಹೊರತು ಬೇರೆ ಗತಿಯಿಲ್ಲ. ಅಲ್ಲಿ ಕಳೆದುಹೋದ ವರ್ಷವು ಮರಳಿ ಬಾರದು.

ಆದುದರಿಂದ ಕ್ರಮವು ಹೀಗಿರತಕ್ಕದ್ದು: ಮೊದಲು ತರಗತಿಗೊಬ್ಬ ಉಪಾಧ್ಯಾಯರು, ಬಳಿಕ ಪ್ರತಿ ಮಗುವಿನ ಕೈಗೆ ಅದರ ಭಾಷೆಯ ಪುಸ್ತಕ, ಅನಂತರ ಯಂತ್ರ. ಎಳೆಯರ ತರಗತಿಗಳಲ್ಲಿ ಕೈಬರಹಕ್ಕೂ ಗಟ್ಟಿಯಾದ ಓದಿಗೂ ಆಟಕ್ಕೂ ಮೀಸಲಾದ ಹೊತ್ತನ್ನು ಯಂತ್ರವು ಕಸಿಯಬಾರದು. ಮುಂದೆ ಕಂಪ್ಯೂಟರುಗಳಿಗೆ ಹಣವನ್ನು ಮಂಜೂರು ಮಾಡುವವರು, ಆ ಶಾಲೆಗಳಲ್ಲಿ ಉಪಾಧ್ಯಾಯರೆಷ್ಟು ಮಂದಿ ಇದ್ದಾರೆಂಬ ಲೆಕ್ಕವನ್ನೂ ಅದೇ ಹಾಳೆಯಲ್ಲಿ ಪ್ರಜೆಗಳ ಮುಂದಿಡಲಿ.