ಡ್ರೈವರ್ ಸೀಟು, ಕಂಡಕ್ಟರ್ ಕಾಲು

2024ರ ನವೆಂಬರ್ 6ರಂದು ನೆಲಮಂಗಲದಿಂದ ದಾಸನಪುರದ ಕಡೆ ಬರುತ್ತಿದ್ದ ಬಿಎಂಟಿಸಿ ಬಸ್ಸಿನ ಚಾಲಕ ಹೃದಯಾಘಾತದಿಂದ ಸೀಟಿನಲ್ಲೇ ಕುಸಿದರು. ವಯಸ್ಸು ನಲವತ್ತರ ಆಸುಪಾಸು. ಕಂಡಕ್ಟರ್ ನುಗ್ಗಿ ಬಂದು ಬಸ್ಸು ನಿಲ್ಲಿಸಿದರು. ಪ್ರಯಾಣಿಕರು ಉಳಿದರು, ಚಾಲಕ ಉಳಿಯಲಿಲ್ಲ.

ಡ್ರೈವರ್‌ಗೂ ಕಂಡಕ್ಟರ್‌ಗೂ ಒಂದೇ ಬಸ್ಸು, ಒಂದೇ ಪಾಳಿ. ಇಂಥ ಜೋಡಿಗಳನ್ನೇ ಇಟ್ಟುಕೊಂಡು ಹೃದ್ರೋಗದ ಬೇರು ಹುಡುಕಿದವರು ಲಂಡನ್ನಿನ ವೈದ್ಯ ಜೆರ್ರಿ ಮಾರಿಸ್. ಡಬಲ್ ಡೆಕರ್ ಬಸ್ಸಿನಲ್ಲಿ ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತುತ್ತಿದ್ದ ಕಂಡಕ್ಟರ್‌ಗಳಿಗಿಂತ, ಕೂತು ದುಡಿಯುವ ಡ್ರೈವರ್‌ಗಳಿಗೆ ಹೃದಯಾಘಾತ ಹೆಚ್ಚು ಎಂದು ಅವರ ತಂಡ 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿತು. ಮಾರಿಸ್ ಅಲ್ಲಿಗೇ ಬಿಡಲಿಲ್ಲ. 1956ರಲ್ಲಿ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. ಚಿಕ್ಕ ವಯಸ್ಸಿನವರಲ್ಲೂ ಡ್ರೈವರ್‌ಗಳ ಪ್ಯಾಂಟಿನ ಸೊಂಟವೇ ದೊಡ್ಡದು! ಹಾಗಾದರೆ ಸೀಟಿನ ತಪ್ಪೆಷ್ಟು, ಸೀಟಿಗೆ ಬರುವ ಮೊದಲೇ ಇದ್ದ ಹೊಟ್ಟೆಯ ತಪ್ಪೆಷ್ಟು? ತನ್ನ ಶೋಧವನ್ನು ತಾನೇ ಅನುಮಾನಿಸುವ ಇಂಥ ವಿಜ್ಞಾನಿಗಳು ನನಗೆ ಬಲು ಇಷ್ಟ.

ನಮ್ಮ ಕೆಂಗೇರಿ–ಮೆಜೆಸ್ಟಿಕ್ ಬಸ್ಸಿನಲ್ಲಿ ಹತ್ತಲು ಮಹಡಿಯಿಲ್ಲ. ಡ್ರೈವರ್‌ಗೆ ಮೈಸೂರು ರಸ್ತೆಯ ಹೊಗೆ, ಅರೆನಿದ್ದೆಯಲ್ಲಿ ಎದ್ದು ಹಿಡಿಯುವ ಮೊದಲ ಪಾಳಿ, ಟ್ರಿಪ್ಪಿನ ನಡುವೆ ಒಂದು ಸಿಗರೇಟು, ವಿಜಯನಗರದ ತಳ್ಳುಗಾಡಿಯಲ್ಲಿ ಕಾದೂ ಕಾದೂ ಕಪ್ಪಾದ ಎಣ್ಣೆಯ ಬಜ್ಜಿ. ಒಂದೊಂದೂ ಸಣ್ಣದೇ. ಆದರೆ ಅಪಾಯದ ಅಂಶಗಳು ಒಟ್ಟಾದಾಗ ಕೂಡುವ ಲೆಕ್ಕವಲ್ಲ, ಹೆಚ್ಚುಕಡಿಮೆ ಗುಣಿಸುವ ಲೆಕ್ಕ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ (2004) ಪ್ರಕಾರ ಹೃದಯಾಘಾತದ ಸಂಭವ ಧೂಮಪಾನದಿಂದ 2.9 ಪಟ್ಟು, ಸಕ್ಕರೆ ಕಾಯಿಲೆಯಿಂದ 2.4 ಪಟ್ಟು, ಬಿಪಿಯಿಂದ 1.9 ಪಟ್ಟು ಏರುತ್ತದೆ. ಮೂರೂ ಒಬ್ಬರಲ್ಲೇ ಇದ್ದರೆ 13 ಪಟ್ಟು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗಲೂ ಅದೇ ಕ್ಯೂ. ಭಯ ಸಹಜ. ಆದರೆ ಭಯಕ್ಕೆ ತೆಗೆಸಿದ ಇಸಿಜಿ ನಾರ್ಮಲ್ ಬಂತೆಂದು ನಿರಾಳವಾಗುವುದು ಸರಿಯಲ್ಲ. ಇಸಿಜಿ ಮುಖ್ಯವಾಗಿ ಆ ಗಳಿಗೆಯ ಹೃದಯದ ಸ್ಥಿತಿ ಹೇಳುತ್ತದೆ. ಕೆಟ್ಟ ಕೊಲೆಸ್ಟೆರಾಲ್ ರಕ್ತನಾಳದ ಒಳಪದರದ ಕೆಳಗೆ ವರ್ಷಗಟ್ಟಲೆ ಸೇರಿಕೊಂಡು, ಮೇಲೊಂದು ತೆಳು ಪೊರೆ ಕಟ್ಟಿಕೊಂಡಿರುತ್ತದೆ. ನಾಳ ಅರ್ಧ ಕೂಡ ಮುಚ್ಚಿರದಿದ್ದರೂ ಒಂದು ದಿನ ಆ ಪೊರೆ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಲು ನಿಮಿಷಗಳು ಸಾಕು. ಹಿಂದಿನ ದಿನದ ಇಸಿಜಿ ಇದನ್ನು ಹೇಗೆ ಹೇಳೀತು?

ಮುಂದಿನದರ ಸುಳಿವು ಕೊಡುವುದು ಬಿಪಿ, ಸಕ್ಕರೆ, ಕೊಲೆಸ್ಟೆರಾಲ್, ತಂಬಾಕಿನ ಚಟ, ಮನೆತನದ ಚರಿತ್ರೆ, ಜೊತೆಗೆ ಸೊಂಟ. ಬಿಪಿ, ಸಕ್ಕರೆಯನ್ನು ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲೇ ನೋಡಿಸಬಹುದು. ಇಎಸ್‌ಐ ಕಾರ್ಡ್ ಇರುವ ಕಾರ್ಮಿಕರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಿದೆ. ಸೊಂಟಕ್ಕೆ ಟೈಲರ್ ಟೇಪು ಸಾಕು. ಪ್ಯಾಂಟಿನ ನಂಬರ್ ನಂಬಬೇಡಿ: ಹೊಟ್ಟೆ ಬೆಳೆದಂತೆ ಬೆಲ್ಟು ಅದರ ಕೆಳಗೆ ಜಾರುತ್ತದೆ, 34 ನಂಬರಿನ ಪ್ಯಾಂಟು ಹಾಗೇ ನಡೆಯುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಎಳೆದುಕೊಳ್ಳದೆ, ಉಸಿರು ಬಿಟ್ಟು ಅಳೆಯಿರಿ. ಭಾರತದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ.

ಇನ್ನು ಎದೆ ಬಿಗಿದು, ನೋವು ತೋಳಿಗೋ ದವಡೆಗೋ ಹರಿದು, ತಣ್ಣಗೆ ಬೆವರಿದರೆ ‘ಗ್ಯಾಸ್ಟ್ರಿಕ್ ಇರಬೇಕು’ ಅಂತ ಸೋಡಾ ಕುಡಿದು ಕಾಯಬೇಡಿ. ಗಾಡಿ ಓಡಿಸುತ್ತಿದ್ದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ನೀವೇ ಓಡಿಸಿಕೊಂಡು ಹೋಗಬೇಡಿ.