ಸರ್ಪದ ಬಾಲದಲ್ಲಿ ಸಿಕ್ಕ ಕತ್ತಿ

ಪ್ರಶ್ನೆ: ಜಪಾನಿನಲ್ಲಿ ಕತ್ತಿಯನ್ನೇ ಪೂಜಿಸುವ ಗುಡಿ ಇದೆಯಂತೆ. ದರ್ಶನ ಸಿಗುತ್ತದೆಯೇ?

ಉತ್ತರ: ಗುಡಿ ಉಂಟು, ಕತ್ತಿಯ ದರ್ಶನ ಮಾತ್ರ ಇಲ್ಲ. ನಗೋಯಾ ನಗರದ ಅತ್ಸುತಾ ಶಿಂಟೋ ದೇಗುಲದಲ್ಲಿರುವ ಆ ಕತ್ತಿಯ ಹೆಸರು ಕುಸನಾಗಿ. ಪುರಾಣ ಸೊಗಸಾಗಿದೆ: ಸುಸಾನೋ ದೇವರು ಎಂಟು ತಲೆಯ ಸರ್ಪಕ್ಕೆ ಹೆಂಡ ಕುಡಿಸಿ, ಅಮಲಿನಲ್ಲಿ ಮಲಗಿದಾಗ ಕಡಿದುಹಾಕಿದ. ಬಾಲ ಸೀಳುವಾಗ ಅವನ ಅಲಗೇ ಮುಕ್ಕಾಯಿತು. ಒಳಗಿತ್ತು ಈ ಕತ್ತಿ! ಅದನ್ನು ಅಕ್ಕ, ಸೂರ್ಯದೇವತೆ ಅಮತೆರಾಸುಗೆ ಒಪ್ಪಿಸಿದ. ಮುಂದೆ ವೈರಿಗಳು ಹುಲ್ಲುಗಾವಲಿಗೆ ಬೆಂಕಿಯಿಟ್ಟಾಗ ರಾಜಕುಮಾರ ಯಮಾತೊ ತಕೆರು ಇದರಿಂದಲೇ ಸುತ್ತಲಿನ ಹುಲ್ಲು ಸವರಿ ಪಾರಾದ. ಅವನು ಸತ್ತ ಮೇಲೆ ಮಡದಿ ಮಿಯಾಜು ಹಿಮೆ ಅತ್ಸುತಾದಲ್ಲಿ ಪ್ರತಿಷ್ಠಾಪಿಸಿದಳಂತೆ. ಚಕ್ರವರ್ತಿ ಪದವಿಯ ಮೂರು ಲಾಂಛನಗಳಲ್ಲಿ ಇದೂ ಒಂದು. ಆದರೂ 2019ರಲ್ಲಿ ಪಟ್ಟವೇರಿದ ನರುಹಿತೊ ಅವರ ಮುಂದೆ ತಂದಿಟ್ಟದ್ದು ಅರಮನೆಯಲ್ಲಿರುವ ಪ್ರತಿರೂಪವನ್ನು, ಅದೂ ಮುಚ್ಚಿದ ಪೆಟ್ಟಿಗೆಯಲ್ಲಿ.