ರಾಣಿಯ ಸಂಧಾನ, ದೊಡ್ಡಮ್ಮನ ಸಹಿ

ಸಿವಿಲ್ ಓದುವ ನಮಗೆ ಭೂವಿಜ್ಞಾನದ ಕ್ಲಾಸಿನಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಪಾಠ ಬಂದಾಗ ಎಲ್ಲರೂ ನನ್ನತ್ತ ತಿರುಗಿದರು. ನಮ್ಮ ರಾಮನಗರದ ಹಳೆಯ ಹೆಸರೇ ಕ್ಲೋಸ್‌ಪೇಟೆ. ಬಂಡೆ ನಮ್ಮದು ಸರಿ, ಈ ಕ್ಲೋಸ್ ಯಾರು? ಬ್ಯಾರಿ ಕ್ಲೋಸ್, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಮೈಸೂರಿಗೆ ಬಂದ ಬ್ರಿಟಿಷ್ ರೆಸಿಡೆಂಟ್. ಅವನನ್ನು ಹುಡುಕಿಕೊಂಡು ಹೋದವಳಿಗೆ ಸಿಕ್ಕಿದ್ದು ರಾಣಿ ಲಕ್ಷ್ಮಮ್ಮಣ್ಣಿ.

ಇವರು ಇಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ. 1761ರಲ್ಲಿ ಅಧಿಕಾರ ಹೈದರಾಲಿಯ ಕೈಗೆ ಹೋಯಿತು, 1766ರಲ್ಲಿ ಪತಿ ತೀರಿಕೊಂಡರು. ಹೆಣ್ಣು ಹೇಗಿರಬೇಕೆಂಬ ಪಾಠಕ್ಕೆ ಆ ಅರಮನೆಯಲ್ಲಿ ಕೊರತೆಯಿರಲಿಲ್ಲ. ಚಿಕ್ಕದೇವರಾಜರ ಆಸ್ಥಾನದಲ್ಲಿದ್ದ ಸಂಚಿ ಹೊನ್ನಮ್ಮ ಬರೆದ ‘ಹದಿಬದೆಯ ಧರ್ಮ’ ಪತಿವ್ರತೆಯ ನಡತೆಯನ್ನೇ ಹೇಳುತ್ತದೆ. (ಹೆಣ್ಣೆಂದು ಹೀಗಳೆಯುವವರನ್ನು ತರಾಟೆಗೆ ತೆಗೆದುಕೊಂಡವಳೂ ಅದೇ ಹೊನ್ನಮ್ಮ!)

ಲಕ್ಷ್ಮಮ್ಮಣ್ಣಿ ಸುಮ್ಮನೆ ಕೂರಲಿಲ್ಲ. ಶ್ರೀರಂಗಪಟ್ಟಣದ ಒಳಗಿದ್ದುಕೊಂಡೇ ಮದರಾಸಿನ ಇಂಗ್ಲಿಷರ ಜೊತೆ ಗುಟ್ಟಾಗಿ ಸಂಧಾನ ನಡೆಸಿದರು. 1782ರಲ್ಲಿ ಅವರ ಪರವಾಗಿ ತಿರುಮಲರಾವ್ ತಂಜಾವೂರಿನಲ್ಲಿ ಒಪ್ಪಂದವನ್ನೇ ಮಾಡಿಕೊಂಡರು. ಕೇಳಿದ್ದು ಗಂಡನ ಮನೆತನದ ಸಿಂಹಾಸನವನ್ನು. ಹದಿಬದೆಯ ಧರ್ಮವನ್ನೇ ರಾಣಿ ರಾಜಕೀಯ ಮಾಡಿಕೊಂಡರು ಎಂದು ನನಗನಿಸುತ್ತದೆ. ಇಂಗ್ಲಿಷರನ್ನು ನಂಬಿದ್ದು ಸರಿಯೇ ಎಂಬ ಜಗಳ ಮಾತ್ರ ನಮ್ಮ ಹಾಸ್ಟೆಲಿನಲ್ಲಿ ಇನ್ನೂ ಮುಗಿದಿಲ್ಲ. 1791ರಲ್ಲಿ ಮಾಗಡಿ ಪಕ್ಕದ ಸಾವನದುರ್ಗಕ್ಕೆ ಫಿರಂಗಿ ಹೊಡೆದವರೂ ಅವರೇ ಅಲ್ಲವೇ?

ಒಪ್ಪಂದವಾಗಿ 17 ವರ್ಷದ ಮೇಲೆ, 1799ರ ಜೂನ್ 30ರಂದು, ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಗೆ, ಕ್ಲೋಸ್ ಹೆಸರು ನಮ್ಮೂರಿಗೆ. ರಾಣಿಯ ಹೆಸರನ್ನು ನಮ್ಮ ಪೇಟೆಯ ಯಾವ ಬೋರ್ಡಿನಲ್ಲೂ ನಾನು ನೋಡಿಲ್ಲ.

ಇಷ್ಟೆಲ್ಲ ಓದುವಾಗ ನೆನಪಾದವರು ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮ. ಮಹಿಳಾ ಮೀಸಲಿನಲ್ಲಿ ಗೆದ್ದ ಗ್ರಾಮ ಪಂಚಾಯಿತಿ ಸದಸ್ಯೆ. ಆದರೆ ಊರಿನವರು ‘ಮೆಂಬರ್ರು’ ಎನ್ನುವುದು ದೊಡ್ಡಪ್ಪನಿಗೆ. ರಾಣಿಗೆ ಅಧಿಕಾರವಿರಲಿಲ್ಲ, ಆದರೂ ಮಾತು ಮದರಾಸಿನವರೆಗೆ ಹೋಯಿತು. ಅಧಿಕಾರವಿರುವ ನಮ್ಮ ದೊಡ್ಡಮ್ಮನ ಮಾತು ಹೊಸಿಲು ದಾಟಿಲ್ಲ. ಬೇರೆಯವರನ್ನು ಏಕೆ ದೂರಲಿ? ಕಳೆದ ತಿಂಗಳು ಚರಂಡಿ ಕೆಲಸದ ಅರ್ಜಿಯನ್ನು ದೊಡ್ಡಪ್ಪ ಹೇಳಿದಂತೆ ಟೈಪ್ ಮಾಡಿ, “ದೊಡ್ಡಮ್ಮಾ, ಇಲ್ಲೊಂದು ಸೈನ್ ಹಾಕಿ” ಎಂದು ಕೊಟ್ಟವಳು ನಾನೇ. ಅವರು ಓದಲೂ ಇಲ್ಲ, ನಾನು ಓದಿ ಎನ್ನಲೂ ಇಲ್ಲ.

ಹೋದ ಭಾನುವಾರ ಊರಿಗೆ ಹೋದಾಗ ಕೇಳಿದೆ: “ಚರಂಡಿ ಮೊದಲು ಎಲ್ಲಿಗೆ ಬೇಕು ದೊಡ್ಡಮ್ಮ?” ಸೊಪ್ಪು ಸೋಸುತ್ತಿದ್ದವರು ಎದ್ದು ಬಾಗಿಲಿಗೆ ಬಂದು, ಅಂಗನವಾಡಿಯ ಕಡೆ ಕೈ ತೋರಿಸಿದರು. ಮಳೆ ಬಂದರೆ ಮಕ್ಕಳು ಕೊಚ್ಚೆಯಲ್ಲೇ ನಡೆಯಬೇಕಂತೆ. ಅರ್ಜಿಯಲ್ಲಿದ್ದದ್ದು ಬೇರೆ ಬೀದಿ. ಈಗ ಇನ್ನೊಂದು ಅರ್ಜಿ ಟೈಪ್ ಮಾಡುತ್ತಿದ್ದೇನೆ. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.